ಹಂದಿಗೆ ಸಾಕಾದ ಕೋವಿ, ಹಲಗೆಗೆ ಸಾಕೇ?

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಕೊಡಗಿನ ಊರೂರಿನಲ್ಲೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಗಂಡಸರು, ಹೆಂಗಸರು, ಕಾಲೇಜಿಗೆ ಹೋಗುವ ಹುಡುಗಿಯರು, ಎಲ್ಲರೂ ಸರದಿಯಲ್ಲಿ ನಿಲ್ಲುತ್ತಾರೆ. ಕಾಯಿ ಒಡೆದರೆ ಕೂಗಾಟ, ತಪ್ಪಿದರೆ ನಗೆಚಾಟಿಕೆ. ಸಿಪ್ಪೆ ಸುಲಿದ ಕಾಯಿಯ ಅಗಲ ಹೆಚ್ಚುಕಡಿಮೆ ನಾಲ್ಕು ಇಂಚು, ಅಂದರೆ ಸುಮಾರು 10 ಸೆಂಟಿಮೀಟರ್. ಅದರ ಪಕ್ಕದಲ್ಲಿ ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಪಂದ್ಯದ ಗುರಿಹಾಳೆಯನ್ನು ಇಟ್ಟು ನೋಡಬೇಕು. ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್. ಅಲ್ಲಿಂದ ಹೊರಕ್ಕೆ ಒಂದೊಂದು ವೃತ್ತವೂ 16 ಮಿಲಿಮೀಟರ್ ದೊಡ್ಡದಾಗುತ್ತ ಹೋಗುತ್ತದೆ. ನಡುವಿನ ಕಪ್ಪು ಭಾಗವೆಲ್ಲ ಸೇರಿ 112.4 ಮಿಲಿಮೀಟರ್. ತೆಂಗಿನಕಾಯಿಯನ್ನು ಆ ಹಾಳೆಯ ನಟ್ಟನಡುವೆ ಇಟ್ಟರೆ ಅದರ ಅಂಚು ಬರುವುದು ಐದು ಮತ್ತು ನಾಲ್ಕರ ಗೆರೆಗಳ ನಡುವೆ. ಊರಲ್ಲಿ ಕಾಯಿ ಒಡೆದು ಬಹುಮಾನ ಹೊಡೆದ ಗುಂಡಿಗೆ ರೈಫಲ್ ಕ್ಲಬ್ಬಿನಲ್ಲಿ ನಾಲ್ಕೇ ಅಂಕ ಸಿಕ್ಕರೂ ಸಿಕ್ಕೀತು.

ಈ ಲೆಕ್ಕ ದಕ್ಷಿಣ ಕೊಡಗಿನ ಒಬ್ಬ ಕಾಫಿ ಬೆಳೆಗಾರನ ತಲೆಗೆ ಹತ್ತಿದ್ದು 1990ರ ದಶಕದ ಆರಂಭದಲ್ಲಿ. ವಯಸ್ಸು ನಲವತ್ತು ದಾಟಿತ್ತು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ, ನೆಲಕ್ಕೆ ಮಲಗಿ .22 ರೈಫಲ್‌ನಿಂದ ಗುಂಡು ಹೊಡೆದದ್ದರ ರುಚಿ ಇನ್ನೂ ನಾಲಗೆಯಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಗೆ ಬಂದದ್ದು ಎರಡು ರೈಫಲ್: ಇಛಾಪುರದ ಕಾರ್ಖಾನೆಯ .315 ಮತ್ತು ಚೆಕ್ ದೇಶದ ಬ್ರನೋ .22. ಶಿಕಾರಿಯ ಕಾಲ ಎಂದೋ ಮುಗಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಬೇಟೆಗೆ ಕಡಿವಾಣ ಬಿತ್ತು, ಕಾಗದದ ಮೇಲಂತೂ ಬಿತ್ತು. ಇನ್ನು ಈ ಕೋವಿಗಳಿಗೆ ಉಳಿದ ಕೆಲಸವೆಂದರೆ ಪುತ್ತರಿಯ ದಿನ ಕದಿರು ಕೊಯ್ಯುವಾಗ ಒಂದು ಗುಂಡು, ಊರಲ್ಲಿ ಸಾವಾದರೆ ಎರಡು. ಇವುಗಳಲ್ಲಿ ಒಂದನ್ನು ಹಿಡಿದು ನಗರದ ರೈಫಲ್ ಕ್ಲಬ್ಬಿಗೆ ಯಾಕೆ ಹೋಗಬಾರದು ಎಂಬುದು ಅವನ ಯೋಚನೆ.

ಅದಕ್ಕೆ ಉತ್ತರ ಹೇಳಲು ಕೂತವರು ಸೋದರಮಾವ. ಸುಬೇದಾರರಾಗಿ ನಿವೃತ್ತರಾದವರು; ಸೈನ್ಯಕ್ಕೆ ಸೇರಿದಾಗ ಕೈಗೆ ಸಿಕ್ಕಿದ್ದು .303 ಲೀ ಎನ್‌ಫೀಲ್ಡ್, ರೆಜಿಮೆಂಟಿನ ಪಂದ್ಯಗಳಲ್ಲಿ ಹೊಡೆದದ್ದೂ ಅದರಲ್ಲೇ. ಅಳಿಯ ಎರಡು ಕೋವಿಯನ್ನೂ ಜಗಲಿಯ ಮೇಲೆ ಇಟ್ಟಾಗ ಅವರು ಕೋವಿ ಮುಟ್ಟಲಿಲ್ಲ. "ಮೋನೇ, ಮೊದಲು ಕಾಗದ ತಾ" ಎಂದರು.

ಕಾಗದದ ವಿಷಯ ಕೊಡಗಿನಲ್ಲಿ ಬೇರೆಯೇ ಒಂದು ಕಥೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಹೊರಟ ಪ್ರಕಟಣೆಯೊಂದು ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಒಂದಲ್ಲ ಒಂದು ರೂಪದಲ್ಲಿ ಇಂದಿಗೂ ಇದೆ. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಅದನ್ನು 2029ರವರೆಗೆ ಮುಂದುವರಿಸಿ ಕೇಂದ್ರ ಸರ್ಕಾರ 2019ರಲ್ಲಿ ಅಧಿಸೂಚನೆ ಹೊರಡಿಸಿದೆ. 2021ರಲ್ಲಿ ರಾಜ್ಯ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ವಿನಾಯಿತಿ ಇದೆ ಎಂದ ಮಾತ್ರಕ್ಕೆ ಕೋವಿಗೆ ಹೇಳುವವರು ಕೇಳುವವರು ಇಲ್ಲವೆಂದಲ್ಲ. ವಿನಾಯಿತಿ ಪತ್ರ ಬೇಕು, ಕೋವಿಯ ನಂಬರು ಅದರಲ್ಲಿ ಇರಬೇಕು, ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಬದಲಾಗಿರಬೇಕು. ನಳಿಗೆಯ ಮೇಲಿನ ನಂಬರನ್ನು ಪತ್ರದ ನಂಬರಿನ ಜತೆ ಒಂದೊಂದೇ ಅಂಕಿ ಓದಿ ತಾಳೆ ನೋಡಿದ ಮೇಲೆಯೇ ಮಾವ ಬೋಲ್ಟ್ ತೆಗೆದದ್ದು.

ಮೊದಲು .315. ಈ ಅಳತೆಯೇ ಒಂದು ರಾಜಕೀಯ ಕೂಸು. ಸೈನ್ಯದ .303 ತೋಟಾ ಜನರ ಕೋವಿಗೆ ಹೊಂದಬಾರದು ಎಂದು ಬ್ರಿಟಿಷರು ಆ ಅಳತೆಯನ್ನು ನಾಗರಿಕರಿಗೆ ನಿಷೇಧಿಸಿದರು. ಆಗ ಬಿಎಸ್‌ಎಯಂಥ ಕಂಪನಿಗಳು ಅದೇ ಲೀ ಬಂದೂಕಿನ ಮೈಗೆ 8 ಮಿಲಿಮೀಟರಿನ ಮಾನ್‌ಲಿಷರ್ ತೋಟಾ ಹೊಂದಿಸಿ ಭಾರತಕ್ಕೆಂದೇ ಮಾಡಿ ಕಳಿಸಿದವು. ಸ್ವಾತಂತ್ರ್ಯದ ನಂತರ ಇಛಾಪುರದ ಸರ್ಕಾರಿ ಕಾರ್ಖಾನೆ ಅದನ್ನೇ ಮುಂದುವರಿಸಿತು. ಹಾಗಾಗಿ ಮಾವನಿಗೆ ಆ ಬೋಲ್ಟ್ ಹೊಸದೇನಲ್ಲ, ಕಣ್ಣುಮುಚ್ಚಿ ಬಿಚ್ಚಿದರು.

ನಳಿಗೆಯ ಒಳಗೆ ಬೆಳಕು ಬಿಟ್ಟು ನೋಡಿದಾಗ ತೋಡುಗಳು ಚೆನ್ನಾಗಿಯೇ ಇದ್ದವು, ಆದರೆ ಕೋಣೆಯ ಮುಂದಿನ ಭಾಗದಲ್ಲಿ ಸಣ್ಣ ಸಣ್ಣ ಗುಳಿ. ಹಳೆಯ ತೋಟಾಗಳ ಕೇಪಿನ ಮದ್ದಿನಲ್ಲಿ ಪೊಟ್ಯಾಸಿಯಮ್ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಸುವ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಬರಿಯ ಎಣ್ಣೆಯಲ್ಲಿ ಒರೆಸಿದರೆ ಆ ಉಪ್ಪು ಹೋಗುವುದಿಲ್ಲ. ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಸೈನ್ಯದವರಿಗೆ ಇದು ಮೊದಲ ವಾರದ ಪಾಠ. ಕೊಡಗಿನಂಥ ಮಳೆಯೂರಿನಲ್ಲಿ, ರಾತ್ರಿ ಶಿಕಾರಿ ಮುಗಿಸಿ ಬಂದು ಮಲಗಿದ ಮನೆಗಳಲ್ಲಿ, ನಾಲ್ಕು ಚೊಂಬು ಬಿಸಿನೀರು ಉಳಿಸಬಹುದಾಗಿದ್ದ ನಳಿಗೆಗಳು ಎಷ್ಟೋ.

ಆಮೇಲೆ ನಳಿಗೆಯ ಬಾಯಿ. ಗುಂಡು ನಳಿಗೆಯನ್ನು ಬಿಡುವ ಕೊನೆಯ ಕ್ಷಣದಲ್ಲಿ ಅದರ ಸುತ್ತಲಿನ ಅನಿಲ ಎಲ್ಲ ಕಡೆಯೂ ಒಂದೇ ಸಮ ಹೊರಬರಬೇಕು. ಬಾಯಿಯ ಒಂದು ಕಡೆ ಸವೆದಿದ್ದರೂ ಗುಂಡಿಗೆ ವಾಲು ಬರುತ್ತದೆ. ಲೀ ಬಂದೂಕಿನಲ್ಲಿ ಬೋಲ್ಟ್ ತೆಗೆದರೆ ಹಿಂದಿನಿಂದಲೇ ಸರಳು ಹಾಕಿ ಶುಚಿ ಮಾಡಬಹುದು. ಆದರೆ ಅಪ್ಪನ ಕಾಲದ ಆಳುಗಳು ಕೇಪಿನ ಕೋವಿಯ ರೂಢಿಯಂತೆ ಬಾಯಿಂದಲೇ ಸರಳು ತುರುಕಿ ಉಜ್ಜಿದ್ದರು. ಮಾವ ಕಡ್ಡಿಗೆ ಹತ್ತಿ ಸುತ್ತಿ ಬಾಯಿಯಂಚಿನಲ್ಲಿ ಒಳಗಿನಿಂದ ಹೊರಕ್ಕೆ ಎಳೆದರು. ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದ ಗಾಯ ಅದು. ಇದೊಂದನ್ನು ಮಾತ್ರ ಲೈಸೆನ್ಸ್ ಇರುವ ಕೋವಿ ರಿಪೇರಿಯವರು ಸುಲಭವಾಗಿ ಸರಿಮಾಡಬಲ್ಲರು: ಬಾಯನ್ನು ಸ್ವಲ್ಪವೇ ಕೊಯ್ದು ಹೊಸದಾಗಿ ಸಮ ಮಾಡಿದರೆ ಮುಗಿಯಿತು. ಗುಳಿಗೆ ಮಾತ್ರ ಮದ್ದಿಲ್ಲ.

ಹಾರಿಸಿದ ತೋಟಾದ ಖಾಲಿ ಚಿಪ್ಪನ್ನೂ ಮಾವ ತಿರುತಿರುಗಿಸಿ ನೋಡಿದರು. ತಳದಿಂದ ಸ್ವಲ್ಪ ಮೇಲೆ ಹಿತ್ತಾಳೆ ಹೊಳೆಯುವ ಉಂಗುರವಾಗಿ ಎಳೆದುಕೊಂಡಿದ್ದರೆ ಬೋಲ್ಟಿಗೂ ಕೋಣೆಗೂ ನಡುವಿನ ಅಂತರ ಹೆಚ್ಚಾಗಿದೆ ಎಂದರ್ಥ; ಅಂಥ ಕೋವಿಯಲ್ಲಿ ಚಿಪ್ಪು ಅಲ್ಲೇ ಬಿರಿದು ಬಿಸಿ ಅನಿಲ ಮುಖಕ್ಕೆ ಬಂದೀತು. ಹಾಗೇನಾದರೂ ಇದ್ದರೆ ಉಳಿದ ಪರೀಕ್ಷೆಯ ಮಾತೇ ಬೇಡ, ಕೋವಿ ಗೋಡೆಗೆ. ಇಲ್ಲಿ ಆ ಗುರುತು ಇರಲಿಲ್ಲ.

ಗದ್ದೆ ಕೊಯ್ಲು ಮುಗಿದು, ಕಣದ ಕೆಲಸವೂ ಮುಗಿದ ಮೇಲೆ, ಎತ್ತರದ ಬರೆಯನ್ನು ಹಿಂದಿಟ್ಟುಕೊಂಡು 100 ಗಜಕ್ಕೆ ಹಲಗೆ ನೆಟ್ಟರು. ಮರಳುಚೀಲದ ಮೇಲೆ ಕೋವಿ ಇಟ್ಟು ಮೊದಲ ಮೂರು ಗುಂಡು ಹೊಡೆದಾಗ ಅಳಿಯನ ಮುಖ ಅರಳಿತು: ಮೂರು ತೂತೂ ಒಂದು ಬೆಂಕಿಪೊಟ್ಟಣದಡಿ ಮುಚ್ಚುವಷ್ಟು ಹತ್ತಿರ. ಮಾವ ಏನೂ ಹೇಳದೆ ಇನ್ನಷ್ಟು ತೋಟಾ ಮುಂದಿಟ್ಟರು. ನಾಲ್ಕನೆಯದು ಮೇಲಕ್ಕೆ ಹೋಯಿತು, ಐದನೆಯದು ಇನ್ನೂ ಮೇಲಕ್ಕೆ, ಬಲಕ್ಕೆ. ನಳಿಗೆ ಕೈಯಿಡಲಾರದಷ್ಟು ಕಾದ ಹೊತ್ತಿಗೆ ಗುಂಡುಗಳು ಅಂಗೈ ಅಗಲಕ್ಕೆ ಹರಡಿದ್ದವು. ತಣ್ಣಗಾಗಲು ಬಿಟ್ಟು ಮತ್ತೆ ಹೊಡೆದರೆ ಮೊದಲ ಜಾಗಕ್ಕೇ ವಾಪಸು.

ಶಿಕಾರಿ ಕೋವಿ ಕೆಟ್ಟದ್ದಲ್ಲ. ಅದನ್ನು ಮಾಡಿರುವುದೇ ಇಡೀ ದಿನ ಹೆಗಲ ಮೇಲೆ ಹೊತ್ತು ತಿರುಗಿ, ಒಂದೇ ಒಂದು ತಣ್ಣನೆಯ ನಳಿಗೆಯ ಗುಂಡನ್ನು ಸರಿಯಾದ ಜಾಗಕ್ಕೆ ಕಳಿಸಲು. ಹೊರಲು ಹಗುರವಾಗಲೆಂದು ನಳಿಗೆ ತೆಳು. ತೆಳು ನಳಿಗೆ ಬೇಗ ಕಾಯುತ್ತದೆ, ಕಾದಾಗ ಮರದ ಮೇಲೆ ಎಲ್ಲಿ ಒತ್ತುತ್ತದೋ ಅಲ್ಲಿಂದ ದಾರಿ ತಪ್ಪುತ್ತದೆ. ಗುರಿಪಂದ್ಯ ಕೇಳುವುದು ಇದಕ್ಕೆ ಪೂರಾ ಉಲ್ಟಾ: 60 ಗುಂಡು, ಅರವತ್ತೂ ಒಂದೇ ಥರ. ಮೊದಲನೆಯದು ಎಲ್ಲಿ ಬಿತ್ತು ಎನ್ನುವುದಕ್ಕಿಂತ ನಲವತ್ತನೆಯದು ಎಲ್ಲಿ ಬಿತ್ತು ಎನ್ನುವುದು ಅಲ್ಲಿ ಮುಖ್ಯ. ಹಳೆಯ ಶಿಕಾರಿ ರೈಫಲ್ ತೋರಿಸುತ್ತ "ನಮ್ಮಜ್ಜ ಇದರಲ್ಲಿ ಒಂದೇ ಗುಂಡಿಗೆ ಕಾಟಿ ಕೆಡವಿದ್ದರು" ಎನ್ನುವವರ ಮಾತು ನಿಜವೇ ಇರಬಹುದು; ಆದರೆ ಅದು ಈ ಪ್ರಶ್ನೆಗೆ ಸಾಕ್ಷಿಯಲ್ಲ.

ಹೆಸರಾಂತ ಕೋವಿಗಳಿಗೂ ಇದೇ ಮಾತು. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿದ್ದು .405 ವಿಂಚೆಸ್ಟರ್ ಹಿಡಿದು. ಹುಲಿಯ ಎದುರು ಅದರಷ್ಟು ಭರವಸೆಯ ಸಂಗಾತಿ ಬೇರೆ ಬೇಕಿರಲಿಲ್ಲ. ಆದರೆ ಅದರ ಒದೆತ ಕುಖ್ಯಾತ; ಹಲಗೆಯ ಮುಂದೆ ಕೂತು 60 ಗುಂಡು ಹೊಡೆದವನ ಭುಜ ಮರುದಿನ ಅಂಗಿ ಹಾಕಲೂ ಬಿಡದು. ಜಿಮ್ ಕಾರ್ಬೆಟ್‌ಗೆ ಚಂಪಾವತ್ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿಯ ಜಾತಿ ಬೇರೆ. ಮೌಸರ್ ಮೈ, 7 ಮಿಲಿಮೀಟರ್ ಗುಂಡು, ಮೃದುವಾದ ಒದೆತ. ಶಿಕಾರಿ ಕೋವಿಯೊಂದನ್ನು ಹಲಗೆಗೆ ಒಗ್ಗಿಸಲೇಬೇಕು ಎಂದರೆ ಈ ಬಗೆಯದು ಒಗ್ಗೀತು.

.315ರ ಲೆಕ್ಕ ಅಂಕಿಯಲ್ಲೂ ಹೊಂದಲಿಲ್ಲ. ದೊಡ್ಡ ಬೋರಿನ ಅಂತರರಾಷ್ಟ್ರೀಯ ಪಂದ್ಯ ನಡೆಯುವುದು 300 ಮೀಟರಿಗೆ. ಅಲ್ಲಿ ಹತ್ತರ ವೃತ್ತ 100 ಮಿಲಿಮೀಟರ್. ಅಂಗೈ ಅಗಲ, ಅಂದರೆ 100 ಗಜಕ್ಕೆ ಎಂಟು ಹತ್ತು ಸೆಂಟಿಮೀಟರ್ ಹರಡುವ ಕೋವಿ ಅಲ್ಲಿಗೆ ಹೋಗುವ ಹೊತ್ತಿಗೆ ಅದರ ಮೂರು ಪಟ್ಟು ಹರಡುತ್ತದೆ. ಹೊಡೆಯುವವನ ಕೈ ಕಲ್ಲಿನಂತಿದ್ದರೂ ಗುಂಡುಗಳು ಎಂಟರ ವೃತ್ತದವರೆಗೂ ಸೋರುತ್ತವೆ. ಹಂದಿಗೆ ಇದು ಧಾರಾಳ ಸಾಕು. ಹಲಗೆಗೆ ಸಾಲದು. ಅದರ ಮೇಲೆ 300 ಮೀಟರಿನ ರೇಂಜ್ ಎಂದರೆ ಹೆಚ್ಚಾಗಿ ಸೈನ್ಯದ್ದೋ ಪೊಲೀಸರದ್ದೋ. ಭಾನುವಾರ ಬೆಳಿಗ್ಗೆ ಎದ್ದು ಹೋಗುವ ಜಾಗವಲ್ಲ. ತೋಟಾ ದುಬಾರಿ, ಸಿಗುವುದೂ ಎಣಿಸಿ. ಮಾವ ಎರಡೇ ಮಾತಿನಲ್ಲಿ ಮುಗಿಸಿದರು: "ಇದನ್ನು ಇದರ ಪಾಡಿಗೆ ಬಿಡು."

ಬ್ರನೋ .22ರ ಕಡೆಗೆ ತಿರುಗಿದಾಗ ಅವರ ಧ್ವನಿ ಬದಲಾಯಿತು. ಎರಡನೇ ಮಹಾಯುದ್ಧದ ನಂತರದ ಈ ಚೆಕ್ ರೈಫಲ್‌ಗಳಿಗೆ ನಮ್ಮಲ್ಲಿ ಹಿಂದಿನಿಂದಲೂ ಒಳ್ಳೆಯ ಹೆಸರು. 1980ರ ದಶಕದ ನಡುವಿನಲ್ಲಿ ಜನಸಾಮಾನ್ಯರಿಗೆ ಕೋವಿ ಆಮದು ನಿಂತ ಮೇಲಂತೂ ಅವುಗಳ ಬೆಲೆ ಗಗನಕ್ಕೇರಿತು. .22ರಲ್ಲಿ ಸವಕಳಿ ಕಡಿಮೆ: ಗುಂಡು ಮೆತ್ತನೆಯ ಸೀಸ, ಮದ್ದು ಚಿಟಿಕೆಯಷ್ಟು. ಹಾಳಾಗುವುದು ಬೇರೆ ಕಾರಣಕ್ಕೆ. ಖಾಲಿ ಕೋವಿಯ ಕುದುರೆಯನ್ನು ಮಕ್ಕಳು ಟಕ್ ಟಕ್ ಎಂದು ಒತ್ತುತ್ತಿದ್ದರೆ ಸೂಜಿ ಕೋಣೆಯ ಅಂಚಿಗೆ ಬಡಿದು ಗಾಯ ಮಾಡುತ್ತದೆ. ಒಂದು ಗುಂಡು ಒಳಗೇ ಸಿಕ್ಕಿಕೊಂಡದ್ದು ಗೊತ್ತಾಗದೆ ಇನ್ನೊಂದು ಹಾರಿಸಿದ್ದರೆ ನಳಿಗೆ ಉಬ್ಬಿ, ಒಳಗೆ ನೋಡಿದಾಗ ಕಪ್ಪು ಉಂಗುರದಂಥ ನೆರಳು ಕಾಣುತ್ತದೆ. ಮಾವ ಬಟ್ಟೆಯ ತುಂಡನ್ನು ಬಿಗಿಯಾಗಿ ತಳ್ಳುತ್ತಾ ಹೋದರು. ಎಲ್ಲೂ ಸಡಿಲ ಬೀಳಲಿಲ್ಲ, ಎಲ್ಲೂ ತಡೆಯಲಿಲ್ಲ.

ತೊಡಕು ಇದ್ದದ್ದು ಮರದಲ್ಲಿ. ಕೊಡಗಿನಲ್ಲಿ ಗದ್ದೆ ಕೆಲಸದ ತಿಂಗಳುಗಳಲ್ಲಿ ಆಯುಧ ಎತ್ತಿಡುವುದು ಸಂಪ್ರದಾಯ. ಕೈಲ್‌ಪೊಳ್ದ್ ದಿನ ಹೊರತೆಗೆದು, ತೋಕ್‌ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜೆ. ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ಒಳಕೋಣೆಯಲ್ಲಿದ್ದ ಮರ ನೀರು ಕುಡಿದು ಉಬ್ಬಿರುತ್ತದೆ. ಫೆಬ್ರವರಿಯ ಒಣ ಹವೆಯಲ್ಲಿ ನಳಿಗೆಗೂ ಮರಕ್ಕೂ ನಡುವೆ ಹತ್ತು ರೂಪಾಯಿ ನೋಟು ಸರಾಗವಾಗಿ ಜಾರುತ್ತಿದ್ದ ಜಾಗದಲ್ಲಿ ಸೆಪ್ಟೆಂಬರಿನಲ್ಲಿ ಅದು ತುದಿಯಲ್ಲೇ ನಿಂತಿತು. ಗುಂಡೂ ಅಷ್ಟೇ ಎಡಕ್ಕೆ ಸರಿದಿತ್ತು. ಪಂದ್ಯದ ದಿನ "ಕೋವಿಗೆ ಯಾರದೋ ಕಣ್ಣು ಬಿದ್ದಿದೆ" ಎಂದು ಗೊಣಗುವ ಹಿರಿಯರು ಈ ನೋಟಿನ ಪರೀಕ್ಷೆಯನ್ನೊಮ್ಮೆ ಮಾಡಿದರೆ ಒಳ್ಳೆಯದು. ಹಾಗೆಂದು ಮರ ಮುಟ್ಟುವಲ್ಲೆಲ್ಲ ಉಜ್ಜಿ ತೆಗೆಯಬಾರದು. ಕೆಲವು ಹಳೆಯ ರೈಫಲ್‌ಗಳಲ್ಲಿ ನಳಿಗೆ ನಡುಗದಿರಲೆಂದು ಬೇಕೆಂದೇ ಮರದ ತುದಿಯಿಂದ ಒತ್ತು ಕೊಟ್ಟಿರುತ್ತಾರೆ. ಅದನ್ನು ತೆಗೆದರೆ ಇದ್ದ ಗುರಿಯೂ ಹೋಗುತ್ತದೆ. ಇಲ್ಲಿ ಒಂದು ಬದಿ ಮಾತ್ರ ತಾಗುತ್ತಿತ್ತು. ಅಷ್ಟನ್ನೇ ಕೆರೆದು, ಕೆರೆದ ಮರಕ್ಕೆ ಒಳಗಡೆಯೂ ಎಣ್ಣೆ ಕುಡಿಸಿದರು. ಬಿಚ್ಚಿದ ಸ್ಕ್ರೂಗಳನ್ನು ಪ್ರತಿ ಸಲವೂ ಒಂದೇ ಬಿಗಿಗೆ ತರಬೇಕು ಎಂಬುದನ್ನು ಮಾವ ಎರಡೆರಡು ಸಲ ಹೇಳಿದರು.

ಕುದುರೆಯ ಬಿಗಿ ಇನ್ನೊಂದು. ಕಾಡಿನಲ್ಲಿ ಎಡವಿದಾಗ, ಚಳಿಗೆ ಬೆರಳು ಮರಗಟ್ಟಿದಾಗ ತಾನಾಗಿ ಹಾರಬಾರದು ಎಂದು ಶಿಕಾರಿ ಕೋವಿಗೆ ಬಿಗಿಯಾದ ಕುದುರೆ ಇರುತ್ತದೆ. ಎರಡು ಎರಡೂವರೆ ಕಿಲೋ ಒತ್ತಡ ಸಾಮಾನ್ಯ. ಕೋವಿಯ ತೂಕವೇ ಮೂರು ಕಿಲೋ ಚಿಲ್ಲರೆ ಇರುವಾಗ ಅಷ್ಟು ಎಳೆದರೆ ಗುರಿ ಅಲುಗದೆ ಏನಾದೀತು? ಪಂದ್ಯದ ರೈಫಲ್ ನಿಯಮದ ಮಿತಿಯಾದ 8 ಕಿಲೋದವರೆಗೂ ತೂಗಬಹುದು, ಕುದುರೆ ಮಾತ್ರ ಉಸಿರು ತಾಕಿದರೆ ಬೀಳುವಷ್ಟು ಹಗುರ. ಕುದುರೆಯನ್ನು ಮನೆಯಲ್ಲಿ ಅರದಿಂದ ಉಜ್ಜಿ ಹಗುರ ಮಾಡುವುದು ಅಪಾಯಕ್ಕೆ ಆಹ್ವಾನ. ಅದನ್ನು ರಿಪೇರಿಯವರಿಗೇ ಬಿಟ್ಟರು. ಅವರು ಎಳೆತವನ್ನು ನಯ ಮಾಡಿಕೊಟ್ಟರು, ತೀರಾ ಹಗುರ ಮಾಡಲು ಒಪ್ಪಲಿಲ್ಲ. ಒಳ್ಳೆಯ ಕೆಲಸಗಾರನ ಲಕ್ಷಣ.

ನಲವತ್ತರ ಕಣ್ಣಿನ ಮಾತೂ ಇತ್ತು. ಹಿಂದಿನ ಸೈಟಿನ ಕಚ್ಚು, ಮುಂದಿನ ಸೈಟಿನ ಮೊನೆ, ದೂರದ ಹಲಗೆ, ಮೂರನ್ನೂ ಒಟ್ಟಿಗೆ ನಿಚ್ಚಳವಾಗಿ ಕಾಣುವ ಕಾಲ ಆ ವಯಸ್ಸಿಗೆ ಮುಗಿದಿರುತ್ತದೆ. ಟೆಲಿಸ್ಕೋಪ್ ಹಾಕೋಣ ಎಂದರೆ 50 ಮೀಟರ್ ರೈಫಲ್ ಪಂದ್ಯದಲ್ಲಿ ಅದು ಸಲ್ಲುವುದಿಲ್ಲ. ಮಾವ ಸೂಚಿಸಿದ್ದು ಪೀಪ್ ಸೈಟ್, ಕಣ್ಣಿನ ಹತ್ತಿರ ಕೂರುವ ಸಣ್ಣ ತೂತಿನ ಸೈಟ್. ತೂತನ್ನು ನೋಡಬೇಕಿಲ್ಲ, ಅದರ ಮೂಲಕ ನೋಡಿದರೆ ಸಾಕು. ಕಣ್ಣು ತಾನಾಗಿ ನಡುವನ್ನು ಹಿಡಿಯುತ್ತದೆ. ಬ್ರನೋದ ಬೆನ್ನಿನ ಮೇಲೆ ಕಾರ್ಖಾನೆಯಲ್ಲೇ ತೆಗೆದ ತೋಡು ಇದ್ದುದರಿಂದ ಉಕ್ಕಿಗೆ ಒಂದು ತೂತನ್ನೂ ಕೊರೆಯದೆ ಅದನ್ನು ಕೂರಿಸಬಹುದಾಗಿತ್ತು.

ಕೊನೆಗೆ ತೋಟಾ. ಮನೆಯಲ್ಲಿದ್ದದ್ದು ಹೈ ವೆಲಾಸಿಟಿ ಪೆಟ್ಟಿಗೆಗಳು. ಆ ಗುಂಡು ನಳಿಗೆ ಬಿಡುವಾಗ ಶಬ್ದದ ವೇಗಕ್ಕಿಂತ ಮುಂದಿರುತ್ತದೆ, ದಾರಿಯಲ್ಲಿ ಆ ವೇಗಕ್ಕೆ ಇಳಿಯುವಾಗ ತುಸು ತತ್ತರಿಸುತ್ತದೆ. ಪಂದ್ಯದವರು ಬಳಸುವುದು ಮೊದಲಿನಿಂದಲೂ ಶಬ್ದದ ವೇಗದೊಳಗೇ ಹೋಗುವ ನಿಧಾನದ ತೋಟಾ. ಕ್ಲಬ್ಬಿನ ಗೆಳೆಯರೊಬ್ಬರ ಕೃಪೆಯಿಂದ ರೇಂಜಿನಲ್ಲಿ ಅಂಥವನ್ನು ಹೊಡೆದು ನೋಡಿದಾಗ ಗುಂಪಿನ ಅಗಲ ಅರ್ಧಕ್ಕಿಳಿಯಿತು. ಕೋವಿಗೆ ಮಾಡಿದ ಯಾವ ರಿಪೇರಿಯೂ ಇಷ್ಟು ಲಾಭ ಕೊಟ್ಟಿರಲಿಲ್ಲ. ಇನ್ನೊಂದು ಮಾತು: ಚಿಕ್ಕ ತೋಟಾ ಎಂದು ಹಗುರವಾಗಿ ಕಾಣುವಂತಿಲ್ಲ. .22 ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು. ಹಿಂದೆ ಬರೆಯಿಲ್ಲದ ಜಾಗದಲ್ಲಿ ಹಲಗೆ ನೆಡಲು ಮಾವ ಎಂದೂ ಬಿಡಲಿಲ್ಲ.

ಇಷ್ಟೆಲ್ಲ ಆದ ಮೇಲೂ ಬ್ರನೋ ಒಂದು ಮಟ್ಟದವರೆಗೆ ಮಾತ್ರ ಹೋಯಿತು. ತೆಂಗಿನಕಾಯಿಗೆ, ಕ್ಲಬ್ಬಿನ ಒಳಪಂದ್ಯಕ್ಕೆ, ಮಲಗಿ ಹೊಡೆಯುವ ಅಭ್ಯಾಸಕ್ಕೆ ಅದು ಸೊಗಸಾದ ರೈಫಲ್. ಆದರೆ 1951ರಲ್ಲಿ ಮಾವಳಂಕರರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿದಂದಿನಿಂದ ನಮ್ಮ ಶೂಟಿಂಗ್ ಬಹಳ ದೂರ ಬಂದಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಕೋವಿಯ ಗಲ್ಲಪಟ್ಟಿ, ಹಿಂಬದಿ, ತೂಕ ಎಲ್ಲವೂ ಹೊಡೆಯುವವನ ಮೈಗೆ ಹೊಂದಿಸಿಕೊಳ್ಳುವಂಥದ್ದು. ಮೊಲಕ್ಕೆಂದು ಮಾಡಿದ ಮರದ ಹಿಡಿಯನ್ನು ಅದರ ಎದುರು ನಿಲ್ಲಿಸುವುದು ಕೋವಿಗೇ ಮಾಡುವ ಅನ್ಯಾಯ. ಅಳಿಯ ಕ್ಲಬ್ಬಿನಲ್ಲಿ ಅಂಕಕ್ಕೆ ಹೊಡೆಯುವಾಗ ಕ್ಲಬ್ಬಿನ ರೈಫಲ್ಲನ್ನೇ ಹಿಡಿದ, ಊರಿನ ಪಂದ್ಯಕ್ಕೆ ಬ್ರನೋ ಒಯ್ದ. .315ರ ಬಾಯನ್ನೂ ಕೊಯ್ಯಿಸಲಿಲ್ಲ, ಅದಕ್ಕೆ ಏನನ್ನೂ ಮಾಡಿಸಲಿಲ್ಲ.

ಮನೆಯಲ್ಲಿ ಹಳೆಯ ರೈಫಲ್ ಇಟ್ಟುಕೊಂಡು ಇದೇ ಯೋಚನೆಯಲ್ಲಿರುವವರು ಮೊದಲು ಪತ್ರ ತೆಗೆದು ನೋಡಿ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸ್‌ದಾರ ಇಟ್ಟುಕೊಳ್ಳಬಹುದಾದ ಕೋವಿ ಮೂರರಿಂದ ಎರಡಕ್ಕಿಳಿದಿದೆ. ಆಮೇಲೆ ಅದರ ತೋಟಾ ಎಲ್ಲಿ ಸಿಗುತ್ತದೆ, ವರ್ಷಕ್ಕೆ ಎಷ್ಟು ಸಿಗುತ್ತದೆ ಎಂದು ವಿಚಾರಿಸಿ. ಅದಾದ ಮೇಲೆ ಒಂದೇ ಕಡೆ ಕೂತು, ತಣ್ಣಗಾಗಲು ಬಿಡದೆ, ಹತ್ತು ಗುಂಡು ಹೊಡೆದು ಹಾಳೆ ನೋಡಿ. ಅಲ್ಲಿಯವರೆಗೆ ಟೆಲಿಸ್ಕೋಪಿಗೆಂದು ಅಜ್ಜನ ಕೋವಿಗೆ ತೂತು ಕೊರೆಸಬೇಡಿ. ಕೊರೆದ ತೂತು ಮುಚ್ಚುವುದಿಲ್ಲ, ಕೋವಿಯ ಬೆಲೆಯೂ ಅಲ್ಲಿಗೆ ಅರ್ಧವಾಗುತ್ತದೆ.